ಇ.ಸಿ.ಯಲ್ಲಿ ಕಾಣದ ದಾರಿ: ಬಸದಿ ಜಮೀನು ಮತ್ತು ಅನುಭೋಗದ ಹಕ್ಕು

ಆಸ್ತಿ ದಾಖಲೆ ಸರಿಪಡಿಸಿಕೊಳ್ಳುವ ಕೆಲಸ ಈಗ ರಾಜ್ಯದ ಎಲ್ಲೆಡೆ ಭರದಿಂದ ಸಾಗಿದೆ. ನೋಂದಣಿ ಇಲಾಖೆಯಲ್ಲಿ ಕಾವೇರಿ 2.0 ತಂತ್ರಾಂಶ ಬಂದಿದೆ. 2024ರ ಅಕ್ಟೋಬರ್‌ನಿಂದ ನಗರ, ಪಟ್ಟಣಗಳ ಆಸ್ತಿ ನೋಂದಣಿಗೆ ಇ-ಖಾತೆ ಬೇಕೇ ಬೇಕು. ಪಹಣಿಗೆ ಆಧಾರ್ ಜೋಡಣೆ ನಡೆದಿದೆ. ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ಎಚ್ಚೆತ್ತು ಕಡತ ತೆರೆಯುತ್ತಿರುವುದು ಸಂತೋಷದ ವಿಷಯ. ಆದರೆ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿ, ನಮೂನೆ 16ರಲ್ಲಿ 'ಋಣಭಾರ ಇಲ್ಲ' ಎಂದು ಬಂದ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಅಲ್ಲೇ ತೊಂದರೆ ಇದೆ.

ಇ.ಸಿ. ಎಂದರೆ ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕದಲ್ಲಿ ಏನು ನೋಂದಣಿಯಾಗಿದೆ ಎಂಬುದರ ಪಟ್ಟಿ, ಅಷ್ಟೇ. ಕ್ರಯ, ನೋಂದಾಯಿತ ಆಧಾರ, ದಾನಪತ್ರ, ವಿಭಾಗಪತ್ರ ಅದರಲ್ಲಿ ಕಾಣುತ್ತವೆ. ನೆರೆಯವರು ಮೂವತ್ತು ವರ್ಷದಿಂದ ನಿಮ್ಮ ಜಮೀನಿನ ಮೇಲೆ ನಡೆದು ಹೋಗುತ್ತಿದ್ದರೆ ಅದು ಕಾಣುವುದಿಲ್ಲ. ನೀವು ಅವರ ಜಮೀನಿನ ಮೇಲೆ ನಡೆದು ಬಸದಿ ತಲುಪುತ್ತಿದ್ದರೆ ಅದೂ ಕಾಣುವುದಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಇತರ ಹಕ್ಕು, ಋಣಗಳಿಗೆ ಜಾಗವಿದೆ. ಅಲ್ಲಿ ಬ್ಯಾಂಕಿನ ಸಾಲ ಬರೆದಿರುತ್ತದೆ, ದಾರಿಯನ್ನು ಬರೆಸಿದವರು ವಿರಳ.

ದಾರಿಯ ಪ್ರಶ್ನೆ ಬಸದಿಗಳಿಗೆ ವಿಶೇಷವಾಗಿ ಏಕೆ ಕಾಡುತ್ತದೆ? ಕರಾವಳಿಯಲ್ಲಿ, ಮಲೆನಾಡಿನಲ್ಲಿ ಗದ್ದೆಯ ನಡುವೆಯೋ ಅಡಿಕೆ ತೋಟದ ಒಳಗೋ ಒಂಟಿಯಾಗಿ ನಿಂತ ಬಸದಿಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಒಂದು ಕಾಲಕ್ಕೆ ಸುತ್ತಲಿನ ಭೂಮಿಯೆಲ್ಲ ಬಸದಿಯದೇ. ತನ್ನದೇ ಗದ್ದೆಯ ಅಂಚಿನಲ್ಲಿ ನಡೆಯಲು ಯಾರೂ ಹಕ್ಕುಪತ್ರ ಮಾಡಿಸುವುದಿಲ್ಲ. ಮುಂದೆ ಇನಾಮು ರದ್ದತಿ ಕಾಯ್ದೆಗಳು ಬಂದವು. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಭೂಸುಧಾರಣಾ ಕಾಯ್ದೆಯಂತೆ ಸರ್ಕಾರದಲ್ಲಿ ವಿಹಿತವಾಗಿ, ಉಳುವವರ ಹೆಸರಿಗೆ ಮಂಜೂರಾದವು. ಆ ಕಾಯ್ದೆಯ 44ನೇ ಕಲಂ ಜಮೀನು ಎಲ್ಲ ಋಣಭಾರಗಳಿಂದ ಮುಕ್ತವಾಗಿ ಸರ್ಕಾರಕ್ಕೆ ಸೇರುತ್ತದೆ ಎನ್ನುತ್ತದೆ. ಬಸದಿಗೆ ಉಳಿದದ್ದು ಗರ್ಭಗುಡಿ, ಅಂಗಳ, ಬಾವಿ. ದಾರಿ ಬೇರೆಯವರ ಪಹಣಿಯೊಳಗೆ ಸೇರಿಹೋಯಿತು. ಒಕ್ಕಲಿನ ಮೊದಲ ತಲೆಮಾರಿನವರು ದಾರಿಯ ಬಗ್ಗೆ ತಕರಾರು ಎತ್ತಲಿಲ್ಲ. ಇಂದ್ರರು ದಿನವೂ ಹೋಗಿ ಬರುತ್ತಿದ್ದರು, ವರ್ಷಕ್ಕೊಮ್ಮೆ ಉತ್ಸವ ನಡೆಯುತ್ತಿತ್ತು. ಈಗ ಆ ಭೂಮಿಗಳು ಮೂರನೆಯವರಿಗೆ ಮಾರಾಟವಾಗುತ್ತಿವೆ. ಹೊಸಬರು ಇ.ಸಿ. ನೋಡಿ, ಹಣ ಕೊಟ್ಟು, ಬೇಲಿ ಹಾಕಿ ಗೇಟಿಗೆ ಬೀಗ ಹಾಕುತ್ತಾರೆ. ಅವರ ದೃಷ್ಟಿಯಲ್ಲಿ ತಪ್ಪೂ ಇಲ್ಲ, ಯಾವ ಕಾಗದದಲ್ಲೂ ದಾರಿ ಇಲ್ಲವಲ್ಲ!

ಇಲ್ಲಿ ಅನ್ವಯಿಸುವುದು 1882ರ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮ, ಕೋರ್ಟಿನ ಮಾತಿನಲ್ಲಿ ಈಸ್‌ಮೆಂಟ್ ಕಾಯ್ದೆ. ಮೊದಲಿಗೆ ಮದ್ರಾಸು ಮತ್ತು ಕೊಡಗಿನಲ್ಲಿ, 1891ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಇದು ಜಾರಿಗೆ ಬಂತು. ದಕ್ಷಿಣ ಕನ್ನಡಕ್ಕೂ ಬೆಳಗಾವಿ, ಧಾರವಾಡಗಳಿಗೂ ಇದು ಹಳೆಯ ಕಾನೂನು ಎಂದಾಯಿತು.

ಬಸದಿಗೆ ನೆರವಾಗಬಲ್ಲ ಹಕ್ಕುಗಳು ಮುಖ್ಯವಾಗಿ ಎರಡು. 13ನೇ ಕಲಮಿನ ಅನಿವಾರ್ಯತೆಯ ಹಕ್ಕು ಒಂದು. ಒಬ್ಬನದೇ ಆಗಿದ್ದ ಜಮೀನು ಇಬ್ಬರಿಗೆ ಹಂಚಿಹೋದಾಗ, ಒಂದು ತುಂಡಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಇನ್ನೊಂದರ ಮೇಲೆ ದಾರಿ ಸಿಗುತ್ತದೆ. ಕೇಳಲು ಸರಳ. ಆದರೆ ಭೂಸುಧಾರಣೆಯಿಂದ ಕೈ ಬದಲಾದದ್ದು ಆ ಕಲಮಿನ ಅರ್ಥದ 'ವರ್ಗಾವಣೆ' ಅಲ್ಲವೆಂದು ಎದುರು ವಕೀಲರು ವಾದಿಸಬಹುದು. ಇನ್ನೊಂದು ತುದಿಯಲ್ಲಿ ಸುತ್ತು ಬಳಸಿನ ದಾರಿ ಇದ್ದರೂ ಈ ಹಕ್ಕು ನಿಲ್ಲುವುದಿಲ್ಲ. ಅನಿವಾರ್ಯತೆ ಮುಗಿದ ದಿನ ಹಕ್ಕೂ ಮುಗಿಯುತ್ತದೆ ಎಂದು 41ನೇ ಕಲಂ ಹೇಳುತ್ತದೆ.

ಎರಡನೆಯದು 15ನೇ ಕಲಮಿನ ಚಿರಭೋಗದ ಹಕ್ಕು. 20 ವರ್ಷ ಶಾಂತವಾಗಿ, ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದೇ ಬಳಸಿದ್ದರೆ ದಾರಿ ನಿಮ್ಮದು. ಸರ್ಕಾರಿ ಜಮೀನಾದರೆ 30 ವರ್ಷ. 'ಹಕ್ಕೆಂದೇ' ಎಂಬ ಮಾತಿನಲ್ಲಿ ನಮ್ಮ ಸಮಾಜದ ಸೌಜನ್ಯವೇ ನಮಗೆ ಮುಳುವಾಗುವುದುಂಟು. ಪ್ರತಿ ಉತ್ಸವಕ್ಕೂ ಮೊಕ್ತೇಸರರು ಪಕ್ಕದವರಿಗೆ 'ದಯವಿಟ್ಟು ದಾರಿ ಬಿಟ್ಟುಕೊಡಿ' ಎಂದು ಪತ್ರ ಬರೆಯುತ್ತಾರೆ. ಅವರೂ ಸಂತೋಷದಿಂದ ಒಪ್ಪುತ್ತಾರೆ. ನ್ಯಾಯಾಲಯದಲ್ಲಿ ಅದೇ ಪತ್ರ ಎದುರಾಳಿಯ ದಾಖಲೆಯಾಗುತ್ತದೆ: ಇದು ಹಕ್ಕಲ್ಲ, ಅನುಮತಿ ಮಾತ್ರ! ಅನುಮತಿಯನ್ನು ಸಾಮಾನ್ಯವಾಗಿ ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಪತ್ರ ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. 'ಎಂದಿನಂತೆ ಬಸದಿಯ ಮಾಮೂಲು ದಾರಿಯಲ್ಲಿ ಉತ್ಸವ ಸಾಗಲಿದೆ, ತಾವೂ ಬನ್ನಿ' ಎಂದು ಬರೆದರೆ ಸೌಜನ್ಯವೂ ಉಳಿಯುತ್ತದೆ, ಹಕ್ಕೂ ಉಳಿಯುತ್ತದೆ.

2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಒಂದು ದಾರಿ ವ್ಯಾಜ್ಯದಲ್ಲಿ ಕೊಟ್ಟ ತೀರ್ಪನ್ನು ಪ್ರತಿ ಟ್ರಸ್ಟಿಯೂ ತಿಳಿದಿರಬೇಕು. ಅಲ್ಲಿ ದಾವೆ ಹೂಡಿದವರು 'ಹಲವಾರು ವರ್ಷಗಳಿಂದ' ದಾರಿ ಬಳಸುತ್ತಿದ್ದೇವೆ ಎಂದಿದ್ದರು. ಹಾಗೆಂದರೆ 20 ವರ್ಷ ಎಂದಾಗುವುದಿಲ್ಲ ಎಂದಿತು ನ್ಯಾಯಾಲಯ. ಬೇರೆ ದಾರಿ ಇದ್ದುದರಿಂದ ಅನಿವಾರ್ಯತೆಯ ವಾದವೂ ಬಿತ್ತು. ಸಾಕ್ಷಿ ಹೇಳಿದ್ದು ಮುಖ್ತಾರುನಾಮೆ ಪಡೆದವರು. ತನಗೆ ಸ್ವತಃ ಗೊತ್ತಿಲ್ಲದ ಹಳೆಯ ಸಂಗತಿಗಳ ಬಗ್ಗೆ ಅಂಥವರ ಸಾಕ್ಷ್ಯ ಸಲ್ಲದು ಎಂದೂ ಹೇಳಿತು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ನೆಲೆಸಿದ ಟ್ರಸ್ಟಿಗಳು ಊರಿನ ಒಬ್ಬರಿಗೆ ಜಿ.ಪಿ.ಎ. ಬರೆದುಕೊಟ್ಟು ಕೇಸು ನಡೆಸುವುದು ನಮ್ಮಲ್ಲಿ ಸಾಮಾನ್ಯ. ದಾರಿಯಲ್ಲಿ ನಡೆದ ಹಿರಿಯ ಇಂದ್ರರು, ಹಳೆಯ ಶ್ರಾವಕರು, ಸಾಧ್ಯವಾದರೆ ಹಿಂದಿನ ಒಕ್ಕಲಿನ ಮನೆಯವರು, ಇವರ ಮಾತಿಗೆ ಇರುವ ತೂಕ ಆ ಕಾಗದಕ್ಕಿಲ್ಲ.

ಇನ್ನೊಂದು ತಪ್ಪನ್ನೂ ಹೇಳಬೇಕು. 'ಆ ದಾರಿಯ ನೆಲವೂ ಬಸದಿಯದೇ' ಎಂದು ದಾವೆಯಲ್ಲಿ ಪಟ್ಟು ಹಿಡಿದರೆ ಅನುಭೋಗದ ಹಕ್ಕಿನ ವಾದ ಸೋಲುತ್ತದೆ. ತನ್ನ ನೆಲದ ಮೇಲೆ ತನಗೇ ಈಸ್‌ಮೆಂಟ್ ಇರಲಾರದು. ಯಾವುದನ್ನು ಕೇಳುತ್ತೇವೆ ಎಂಬುದನ್ನು ಮೊದಲೇ ನಿರ್ಧರಿಸಬೇಕು.

ಜೀರ್ಣೋದ್ಧಾರಕ್ಕೆ ಹೊರಟವರಿಗೆ ಒಂದು ಎಚ್ಚರಿಕೆ. 28ನೇ ಕಲಮಿನಂತೆ ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ. ಕಾಲುದಾರಿಯ ಹಕ್ಕಿದ್ದರೆ ಕಲ್ಲು ತುಂಬಿದ ಟಿಪ್ಪರ್ ಹೋಗುವ ಹಕ್ಕು ಬಂತೆಂದಲ್ಲ. ಪಕ್ಕದವರೊಂದಿಗೆ ಜಗಳ ಶುರುವಾಗುವುದು ಬಹುತೇಕ ಇಂಥ ಸಂದರ್ಭದಲ್ಲೇ.

ಬೇಲಿ ಬಿದ್ದರೆ ಕಾಲಹರಣ ಕೂಡದು. ತಡೆ ಗೊತ್ತಾದ ಮೇಲೆ ಒಂದು ವರ್ಷ ಸುಮ್ಮನಿದ್ದರೆ ಅದನ್ನು ಒಪ್ಪಿಕೊಂಡಂತೆ ಕಾನೂನು ಎಣಿಸುತ್ತದೆ. 20 ವರ್ಷದ ಬಳಕೆಯೂ ದಾವೆಗೆ ಹಿಂದಿನ ಎರಡು ವರ್ಷದೊಳಗೆ ಕೊನೆಗೊಂಡಿರಬೇಕು. ಶಾಂತಿಭಂಗದ ಭಯವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಬಳಿ ಹೋಗಬಹುದು. ವರ್ಷವಿಡೀ ಬಳಸುವ ದಾರಿಯಾದರೆ ಹಿಂದಿನ ಮೂರು ತಿಂಗಳಲ್ಲಿ ಬಳಸಿದ್ದನ್ನು ಅಲ್ಲಿ ತೋರಿಸಬೇಕಾಗುತ್ತದೆ. ಗ್ರಾಮ ನಕಾಶೆಯಲ್ಲೇ ದಾರಿ ಇದ್ದರೆ ಮಾತೇ ಬೇರೆ. ಸಾರ್ವಜನಿಕ ದಾರಿಗಳು ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ಸರ್ಕಾರದ ಸೊತ್ತು, ಖಾಸಗಿಯವರು ಮುಚ್ಚುವಂತಿಲ್ಲ. ಆದ್ದರಿಂದ ವಕೀಲರಿಗಿಂತ ಮೊದಲು ಹಳೆಯ ನಕಾಶೆ ನೋಡಿ.

ಎಲ್ಲಕ್ಕಿಂತ ಗಟ್ಟಿ ಉಪಾಯ, ಪಕ್ಕದವರು ಸ್ನೇಹದಲ್ಲಿರುವಾಗಲೇ ಸರ್ವೆ ನಕ್ಷೆ, ಅಗಲ, ವಾಹನದ ಬಗೆ ಸ್ಪಷ್ಟವಾಗಿ ಬರೆದು ದಾರಿಯ ಹಕ್ಕಿನ ಪತ್ರವನ್ನು ನೋಂದಾಯಿಸಿಕೊಳ್ಳುವುದು. ಆಗ ಅದು ಇ.ಸಿ.ಯಲ್ಲಿ ಕಾಣುತ್ತದೆ. ಮುಂದೆ ಕೊಳ್ಳುವವರಿಗೂ ಮೋಸವಾಗುವುದಿಲ್ಲ.

ಶ್ರಾವಕರ ಮನೆಗಳೇ ಇಲ್ಲದ ಊರಿನ ಬಸದಿಗಳ ಮಾತು ಉಳಿಯಿತು. 47ನೇ ಕಲಮಿನಂತೆ 20 ವರ್ಷ ಯಾರೂ ನಡೆಯದ ದಾರಿಯ ಹಕ್ಕು ನಂದಿಹೋಗುತ್ತದೆ. ಆದರೆ ಆ ಅವಧಿಯೊಳಗೆ 'ಈ ಹಕ್ಕನ್ನು ಉಳಿಸಿಕೊಳ್ಳುವ ಉದ್ದೇಶ ನಮಗಿದೆ' ಎಂಬ ಘೋಷಣೆಯನ್ನು ನೋಂದಾಯಿಸಿದರೆ, ನೋಂದಣಿಯ ದಿನದಿಂದ ಮತ್ತೆ 20 ವರ್ಷ ಹಕ್ಕು ಉಳಿಯುತ್ತದೆ. ಅದೇ ಕಲಮಿನಲ್ಲಿರುವ ಈ ಸೌಲಭ್ಯವನ್ನು ಬಳಸಿದವರು ತೀರಾ ಕಡಿಮೆ. ಬೀಗ ಹಾಕಿದ ಬಸದಿಗಳ ಪಟ್ಟಿ ಇರುವ ಮಂಡಳಿಗಳು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿಕೊಳ್ಳಬಹುದು.