ಲಕ್ಕಮ್ಮನವರು ತಡೆದದ್ದು ಯಾರನ್ನು?

ಕಾಯಕದ ಮಾತು ಇತ್ತೀಚೆಗೆ ವಿಚಿತ್ರವಾದ ಸಂದರ್ಭಗಳಲ್ಲಿ ಕೇಳಿಬರುತ್ತಿದೆ. ಬಡವರಿಗೆ ಸರ್ಕಾರ ಅಕ್ಕಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಹೊಲಕ್ಕೆ ಆಳು ಸಿಗುವುದಿಲ್ಲ, ಇದು ಬಸವಣ್ಣನವರ ಕಾಯಕತತ್ತ್ವಕ್ಕೇ ವಿರುದ್ಧವೆಂದು ವಿಭೂತಿ ಧರಿಸಿದ ಹಣೆಗಳೇ ಗಂಟಿಕ್ಕಿಕೊಳ್ಳುತ್ತವೆ. 2013ರಲ್ಲಿ ಅನ್ನಭಾಗ್ಯ ಬಂದಾಗ ಹೀಗೆಯೇ ಹೇಳಲಾಯಿತು. 2023ರ ಜೂನ್ 11ರಂದು ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಆರಂಭವಾದಾಗಲೂ ಹೀಗೆಯೇ. ಹೇಳುವವರು ದುರುಳರಲ್ಲ. ಮಠಕ್ಕೆ ನಡೆದುಕೊಳ್ಳುವವರು, ದಾಸೋಹಕ್ಕೆ ಅಕ್ಕಿಮೂಟೆ ಕಳುಹಿಸುವವರು. ಆದ್ದರಿಂದಲೇ ಈ ಮಾತಿಗೆ ಉತ್ತರ ಅಗತ್ಯವಾಗಿದೆ.

ಈ ವಾದಕ್ಕೆ ಆಧಾರವಾಗಿ ತರುವುದು ಆಯ್ದಕ್ಕಿ ದಂಪತಿಗಳ ಪ್ರಸಂಗವನ್ನು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅಕ್ಕಿ ವಾಡಿಕೆಗಿಂತ ಹೆಚ್ಚಾಗಿ ಬಂದಾಗ ಲಕ್ಕಮ್ಮನವರು ಪತಿಯನ್ನು ತಡೆದು, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಮಾಡಿದರು. ಬಡತನದಲ್ಲೂ ಬಿಟ್ಟಿಯದನ್ನು ಒಲ್ಲೆನೆಂದ ತಾಯಿ ಎಂದು ಇದನ್ನು ಉಪನ್ಯಾಸಗಳಲ್ಲಿ ಅರ್ಥೈಸಲಾಗುತ್ತಿದೆ. ಇದು ಅಪವ್ಯಾಖ್ಯಾನ. ಅಂಗಳದ ಆ ಅಕ್ಕಿ ಮೊದಲಿನಿಂದಲೂ ದುಡ್ಡು ಕೊಟ್ಟು ತಂದದ್ದಲ್ಲ. ಆ ತಾಯಿ ಒಲ್ಲೆನೆಂದದ್ದು ಅಗತ್ಯಕ್ಕೆ ಮೀರಿದ್ದನ್ನು. ಅದನ್ನೂ ತಮ್ಮ ಮನೆಗೆ ಹೇಳಿಕೊಂಡರೇ ಹೊರತು ನೆರೆಮನೆಯ ಮಡಕೆಯನ್ನು ಇಣುಕಿ ನೋಡಿ ಹೇಳಲಿಲ್ಲ.

ಇನ್ನು ಸೋಮಾರಿತನದ ಲೆಕ್ಕ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ ಸಲ್ಲುವ ಧಾನ್ಯ 5 ಕೆ.ಜಿ.; ದಿನಕ್ಕೆ ಸುಮಾರು 166 ಗ್ರಾಂ. ರಾಜ್ಯವೂ ಅಷ್ಟನ್ನೇ ಸೇರಿಸಿತೆಂದು ಹಿಡಿದರೂ ಅದರ ಎರಡರಷ್ಟು. ಇದನ್ನು ನಂಬಿ ಕೂಲಿ ಬಿಟ್ಟು ಕುಳಿತವರ ಮನೆಗೆ ಬೇಳೆ, ಎಣ್ಣೆ, ಉಪ್ಪು, ಮಕ್ಕಳ ಔಷಧ, ಮನೆಬಾಡಿಗೆ ಎಲ್ಲಿಂದ ಬರಬೇಕು? (ಹಳೆಯ ಕೂಲಿಗೆ ಆಳು ಸಿಗುತ್ತಿಲ್ಲವೆಂಬುದೇ ದೂರಾಗಿದ್ದರೆ ಅದನ್ನು ಹಾಗೆಯೇ ಹೇಳಬಹುದು, ಬಸವಣ್ಣನವರನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ.) 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇದು ಉಂಡು ಕೊಬ್ಬಿದ ನಾಡಿನ ಲಕ್ಷಣವೇ?

ಈ ಕುರುಡಿಗೆ ಮೂಲ ಕ್ರೌರ್ಯವಲ್ಲ, ತಾವು ನಡುವಿನಲ್ಲಿದ್ದೇವೆಂಬ ಭ್ರಮೆ. ತಿಂಗಳಿಗೆ ಲಕ್ಷ ರೂಪಾಯಿ ಬರುವ ಮನೆಯೂ ತನ್ನನ್ನು ಮಧ್ಯಮವರ್ಗವೆಂದೇ ಕರೆದುಕೊಳ್ಳುತ್ತದೆ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚದ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ತಿಂಗಳ ವೆಚ್ಚ 4,122 ರೂಪಾಯಿ. ಪಟ್ಟಣದ ಹೋಟೆಲಿನಲ್ಲಿ ಒಂದು ಕುಟುಂಬದ ಒಂದು ರಾತ್ರಿಯ ಊಟಕ್ಕೆ ಇಷ್ಟು ಹಣ ಸಂದುಹೋಗುವುದುಂಟು. 2020ರ ಮಾರ್ಚ್ 24ರ ರಾತ್ರಿ ನಾಲ್ಕೇ ಗಂಟೆಗಳ ಮುನ್ಸೂಚನೆಯಲ್ಲಿ ದೇಶವನ್ನು ಮುಚ್ಚಲಾಯಿತು. ಬಳಿಕ ಹೆದ್ದಾರಿಗಳಲ್ಲಿ ಕೂಸುಗಳನ್ನು ಹೊತ್ತು ನಡೆದ ಕಾರ್ಮಿಕರನ್ನು ದೂರದರ್ಶನದಲ್ಲಿ ಕಂಡ ಅನೇಕರು ಇಷ್ಟೊಂದು ಜನ ಇದುವರೆಗೆ ಎಲ್ಲಿದ್ದರೆಂದು ಬೆರಗಾದರು. ಬೆರಗಾದವರ ಮನೆಗಳನ್ನೇ ಅವರು ಕಟ್ಟುತ್ತಿದ್ದರು.

ಬಿಟ್ಟಿ ಎಂಬ ಶಬ್ದವೂ ಎಲ್ಲರಿಗೂ ಸಮನಾಗಿ ಸಲ್ಲುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ, ಇತರ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಆದಾಯ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಲಾಯಿತು. ಕಂಪನಿಗಳು ಸೋಮಾರಿಗಳಾದಾವೆಂದು ಯಾವ ಶರಣಗೋಷ್ಠಿಯೂ ಚಿಂತಿಸಿದಂತಿಲ್ಲ.

ದಾಸೋಹದಲ್ಲಿ ಕೊಡುವವನು ಕಳೆದುಕೊಳ್ಳಬೇಕಾದದ್ದು ತಾನು ಕೊಟ್ಟೆನೆಂಬ ಭಾವವನ್ನು. 2002ರಲ್ಲಿ ಆರಂಭವಾದ ಶಾಲಾಮಕ್ಕಳ ಬಿಸಿಯೂಟಕ್ಕೆ ಸರ್ಕಾರ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟದ್ದಕ್ಕೆ ಹೆಮ್ಮೆಪಡದ ಶರಣಬಂಧುಗಳಿಲ್ಲ. ಹಾಗಿದ್ದ ಮೇಲೆ, ಮಠದ ಪಂಕ್ತಿಯಲ್ಲಿ ಬಡಿಸಿದರೆ ಪ್ರಸಾದ, ನ್ಯಾಯಬೆಲೆ ಅಂಗಡಿಯಲ್ಲಿ ತೂಗಿದರೆ ಬಿಟ್ಟಿ ಎಂಬ ಭೇದ ಎಲ್ಲಿಂದ ಬಂತು? ಒಂದರಲ್ಲಿ ಕೊಟ್ಟವರ ಹೆಸರು ಫಲಕದ ಮೇಲಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇದರ ಹೊರತು ಬೇರೆ ಕಾರಣ ಹುಡುಕಿದರೂ ಸಿಗದು. ಅಮಾವಾಸ್ಯೆಯ ದಾಸೋಹದಲ್ಲಿ ಸೌಟು ಹಿಡಿದು ಬಡಿಸುತ್ತ ಬರುವ ದಾನಿಯ ಎದುರು ಕುಳಿತವರಲ್ಲಿ, ಒಳಗೆ ಹಂಡೆ ತೊಳೆಯುತ್ತಿರುವವರಲ್ಲಿ, ಎಷ್ಟೋ ಮಂದಿ ಅದೇ ಪಡಿತರ ಚೀಟಿಯವರು.