ಎಚ್‌ಎಂಟಿ: ಎಕರೆಗಳ ಜಗಳದಲ್ಲಿ ಕಾಗದವನ್ನು ಕೇಳುವವರಿಲ್ಲ

ಜಾಲಹಳ್ಳಿಯ ಎಚ್‌ಎಂಟಿ ಜಮೀನು 2024ರಲ್ಲಿ ಮತ್ತೆ ಸುದ್ದಿಗೆ ಬಂತು. ಕೇಂದ್ರದ ಬೃಹತ್ ಕೈಗಾರಿಕಾ ಸಚಿವರಾದ ಎಚ್.ಡಿ. ಕುಮಾರಸ್ವಾಮಿಯವರು ಸಂಸ್ಥೆಯ ಪುನಶ್ಚೇತನದ ಮಾತನ್ನಾಡಿದರು. ಅದೇ ವರ್ಷ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು, ಅಲ್ಲಿನ ನೂರಾರು ಎಕರೆ ಅರಣ್ಯ ಇಲಾಖೆಗೆ ಸೇರಿದ್ದು, ಅದನ್ನು ಹಿಂದಕ್ಕೆ ಪಡೆಯಿರಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಪತ್ರಿಕೆಗಳಲ್ಲಿ ಎಕರೆಗಳ ಲೆಕ್ಕ ಬಂತು, ಕೋಟಿಗಳ ಲೆಕ್ಕ ಬಂತು, ಕಡಿದ ಮರಗಳ ಲೆಕ್ಕವೂ ಬಂತು. ಆದರೆ ಎಪ್ಪತ್ತು ವರ್ಷಗಳ ಕಾಲ ಆ ಹೆಸರಿನಡಿ ತಯಾರಾದ ಲೇತ್, ಮಿಲ್ಲಿಂಗ್, ಡ್ರಿಲ್ಲಿಂಗ್ ಯಂತ್ರಗಳ ನಕ್ಷೆಗಳು, ಬಿಡಿಭಾಗಗಳ ಪಟ್ಟಿಗಳು, ಯಾವ ಯಂತ್ರ ಯಾವ ವರ್ಷ ಯಾರಿಗೆ ಹೋಯಿತೆಂಬ ರಿಜಿಸ್ಟರುಗಳು ಎಲ್ಲಿವೆ, ಮುಂದೆ ಅವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ನಮ್ಮ ಕಣ್ಣಿಗೆ ಎಲ್ಲಿಯೂ ಬೀಳಲಿಲ್ಲ.

ಕರಾವಳಿಯಲ್ಲಿ ಕುಳಿತವರಿಗೆ ಇದೇಕೆ ಎಂದು ಕೆಲವರು ಕೇಳಬಹುದು. ಮಂಗಳೂರಿನಿಂದ ಹಾಸನ, ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲು ಯಶವಂತಪುರ ತಲುಪುವ ಮೊದಲು ಚಿಕ್ಕಬಾಣಾವರವನ್ನು ದಾಟುತ್ತದೆ. 2017ರಲ್ಲಿ ಈ ಹಾದಿ ಪೂರ್ತಿಯಾದ ಮೇಲೆ ನಮ್ಮವರಲ್ಲಿ ಅನೇಕರಿಗೆ ಅದು ಪರಿಚಿತ ನಿಲ್ದಾಣ. ಅಲ್ಲಿಂದ ಅಬ್ಬಿಗೆರೆ, ದಾಸರಹಳ್ಳಿ, ಪೀಣ್ಯದ ತನಕ ಶೆಡ್ಡುಗಳ ಸಾಲು. ಒಂದು ಲೇತ್, ಒಂದು ಮಿಲ್ಲಿಂಗ್ ಮಷಿನ್, ಇಬ್ಬರು ಹುಡುಗರು, ದೊಡ್ಡ ಕಂಪೆನಿಯಿಂದ ಬರುವ ಜಾಬ್ ವರ್ಕ್: ಇಷ್ಟೇ ಬಂಡವಾಳದಲ್ಲಿ ಸಂಸಾರ ನಡೆಸುವವರು ಅಲ್ಲಿ ಬಹಳ. ನಮ್ಮ ಧರ್ಮಕೇಂದ್ರಗಳಿಂದ ಐಟಿಐ ಮುಗಿಸಿ ಟರ್ನರ್, ಫಿಟ್ಟರ್ ಆಗಿ ಹೋಗಿ ಅಲ್ಲೇ ನೆಲೆಸಿದವರೂ ಅವರಲ್ಲಿದ್ದಾರೆ. ಇಂಥ ಶೆಡ್ಡುಗಳಲ್ಲಿ ಇಂದಿಗೂ ಅನ್ನ ಕೊಡುತ್ತಿರುವುದು ಹೆಚ್ಚಾಗಿ ಹೊಸ ಯಂತ್ರವಲ್ಲ. ಎರಡನೆಯ, ಮೂರನೆಯ ಕೈಯಿಂದ ಕೊಂಡ ಹಳೆಯ ಎಚ್‌ಎಂಟಿ ಅಥವಾ ಹರಿಹರದ ಕಿರ್ಲೋಸ್ಕರ್ ಯಂತ್ರ.

ಎಚ್‌ಎಂಟಿ ಎಂದರೆ ನಮ್ಮ ಜನಕ್ಕೆ ಗಡಿಯಾರ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ವಾಚ್ ಕಂಪೆನಿಯನ್ನು ಮುಚ್ಚಲು ಒಪ್ಪಿದಾಗ ಎಷ್ಟು ಲೇಖನಗಳು, ಎಷ್ಟು ಕಣ್ಣೀರು! ವಾಸ್ತವದಲ್ಲಿ ಗಡಿಯಾರ ಆ ಮನೆಗೆ ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ. 1953ರಲ್ಲಿ ಸಂಸ್ಥೆ ಹುಟ್ಟಿದ್ದೇ ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ತಾಂತ್ರಿಕ ಸಹಾಯದೊಂದಿಗೆ. ಎಚ್-22 ಲೇತ್, ನಂತರದ ಎನ್‌ಎಚ್-22 ಮತ್ತು ಎನ್‌ಎಚ್-26, ಜರ್ಮನಿಯ ಫ್ರಿಟ್ಜ್ ವೆರ್ನರ್ ಸಹಯೋಗದಿಂದ ಬಂದ ಎಫ್‌ಎನ್ ಮಿಲ್ಲಿಂಗ್ ಯಂತ್ರಗಳು, ಆರ್‌ಎಂ ರೇಡಿಯಲ್ ಡ್ರಿಲ್ಲುಗಳು: ಈ ಹೆಸರುಗಳನ್ನು ಹೇಳಿದರೆ ಹಳೆಯ ಟರ್ನರುಗಳ ಮುಖ ಅರಳುತ್ತದೆ. ಬೆಂಗಳೂರಿನಿಂದ ಸಂಸ್ಥೆ ಪಿಂಜೋರ್, ಕಳಮಶ್ಶೇರಿ, ಹೈದರಾಬಾದುಗಳಿಗೆ ಹಬ್ಬಿತು. ಕಳಮಶ್ಶೇರಿಯಲ್ಲಿ ಆಫ್‌ಸೆಟ್ ಮುದ್ರಣ ಯಂತ್ರಗಳೂ ತಯಾರಾದವು. ಪತ್ರಿಕೆ ಮುದ್ರಿಸುವವರಿಗೆ ಅದು ಹೊಸ ವಿಷಯವಲ್ಲ. 2000ದಲ್ಲಿ ಯಂತ್ರೋಪಕರಣ ವಿಭಾಗ ಎಚ್‌ಎಂಟಿ ಮಷಿನ್ ಟೂಲ್ಸ್ ಲಿಮಿಟೆಡ್ ಎಂಬ ಅಂಗಸಂಸ್ಥೆಯಾಯಿತು. ಒಂದು ಸಂಸ್ಥೆ ಹೀಗೆ ಹರಡಿ, ಒಡೆದು, ಕುಗ್ಗುವಾಗ ಮೊದಲು ದಿಕ್ಕಿಲ್ಲದಂತಾಗುವುದು ಕಾಗದ. ಯಂತ್ರಕ್ಕೆ ಗುಜರಿಯಲ್ಲಾದರೂ ಬೆಲೆಯಿದೆ, ಜಮೀನಿಗೆ ಕೇಳುವುದೇ ಬೇಡ. ಕಪಾಟಿನಲ್ಲಿ ಸುತ್ತಿಟ್ಟ ನಕ್ಷೆಗೆ ರದ್ದಿಯವನು ಕೊಡುವಷ್ಟೇ ಬೆಲೆ.

ಕಾಗದ ಹೋದರೆ ಆಗುವುದೇನು? ಒಂದು ಸಣ್ಣ ಲೆಕ್ಕವನ್ನೇ ನೋಡೋಣ. ಚಿಕ್ಕಬಾಣಾವರದ ಒಂದು ಶೆಡ್ಡಿನಲ್ಲಿ ಹಳೆಯ ಲೇತಿನ ಗೇರ್ ಬಾಕ್ಸಿನಲ್ಲಿ 42 ಹಲ್ಲಿನ ಒಂದು ಚಕ್ರ ಮುರಿಯಿತೆಂದು ಇಟ್ಟುಕೊಳ್ಳಿ. ಕಂಪೆನಿಯಲ್ಲಿ ಬಿಡಿಭಾಗ ಇಲ್ಲ. ಹೊಸದನ್ನು ಕತ್ತರಿಸಬೇಕು. ಗೇರ್ ಕತ್ತರಿಸುವವನು ಹೊರವ್ಯಾಸ ಅಳೆಯುತ್ತಾನೆ. 2.5 ಮಾಡ್ಯೂಲಿನ ಚಕ್ರವಾದರೆ ಅದು 110 ಮಿ.ಮೀ. ಇರಬೇಕು. ಇಂಗ್ಲಿಷ್ ಅಳತೆಯ 10 ಡಿಪಿ ಚಕ್ರವಾದರೆ 4.4 ಇಂಚು, ಅಂದರೆ 111.76 ಮಿ.ಮೀ. ಚೂರಾದ, ಸವೆದ ಚಕ್ರದಲ್ಲಿ ವರ್ನಿಯರ್ 111 ತೋರಿಸಿದರೆ ಯಾವುದೆಂದು ತಿಳಿಯುವುದು? ಪಕ್ಕಪಕ್ಕದ ಎರಡು ಹಲ್ಲುಗಳ ಅಂತರದಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಮಿಲಿಮೀಟರಿನ ಎಂಟನೆಯ ಒಂದು ಭಾಗ. ತಪ್ಪು ಆರಿಸಿದರೆ ಚಕ್ರ ಕೂರುತ್ತದೆ, ತಿರುಗುತ್ತದೆ, ಕಿರುಚುತ್ತದೆ, ಕೆಲವು ತಿಂಗಳಲ್ಲಿ ಜೊತೆಯ ಚಕ್ರವನ್ನೂ ತಿಂದುಹಾಕುತ್ತದೆ. ಇನ್ನು ವಿನ್ಯಾಸಕಾರ ಬೇಕೆಂದೇ ಹಲ್ಲಿನ ಆಕಾರವನ್ನು ಸ್ವಲ್ಪ ಸರಿಸಿದ್ದರೆ, ಹೊರವ್ಯಾಸದ ಲೆಕ್ಕವೇ ಕೈಕೊಡುತ್ತದೆ. ಮೂಲ ನಕ್ಷೆಯಲ್ಲಿ ಇದೆಲ್ಲ ಒಂದು ಸಾಲಿನಲ್ಲಿ ಬರೆದಿರುತ್ತದೆ: ಹಲ್ಲು ಎಷ್ಟು, ಮಾಡ್ಯೂಲ್ ಎಷ್ಟು, ಯಾವ ಉಕ್ಕು, ಎಷ್ಟು ಗಡಸು. ಆ ಒಂದು ಸಾಲು ಸಿಗದೆ ಎಷ್ಟೋ ಒಳ್ಳೆಯ ಯಂತ್ರಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿವೆ.

ಗೇರ್ ಒಂದೇ ಅಲ್ಲ. ಸ್ಪಿಂಡಲ್ ಬೇರಿಂಗಿಗೆ ಎಷ್ಟು ಬಿಗಿ, ಯಾವ ಎಣ್ಣೆ ಎಲ್ಲಿಗೆ, ಅಡಿಪಾಯದ ಬೋಲ್ಟುಗಳ ಅಂತರ, ವಿದ್ಯುತ್ ಜೋಡಣೆಯ ನಕ್ಷೆ, ಇವೆಲ್ಲ ಕೈಪಿಡಿಯ ಮಾತುಗಳು. ಹಳೆಯ ಬ್ರೇಕು, ಲಿಮಿಟ್ ಸ್ವಿಚ್ಚುಗಳ ತಂತಿಯನ್ನು ಅಂದಾಜಿನಲ್ಲಿ ಜೋಡಿಸುವುದು ಬೆರಳಿಗೆ ಅಪಾಯ.

ಇವುಗಳ ಜೊತೆ ಇನ್ನೊಂದು ಹಾಳೆ ಇರುತ್ತಿತ್ತು, ಅದರ ಬಗ್ಗೆ ನಮಗೆ ವಿಶೇಷ ಗೌರವ. ಯಂತ್ರ ಕಾರ್ಖಾನೆಯಿಂದ ಹೊರಡುವ ಮುನ್ನ ಪರೀಕ್ಷಕರು ಒಂದೊಂದು ಅಳತೆಯನ್ನೂ ಪರಿಶೀಲಿಸಿ, ಅನುಮತಿಸಿದ ದೋಷ ಎಷ್ಟು, ಈ ಯಂತ್ರದಲ್ಲಿ ಕಂಡದ್ದು ಎಷ್ಟು ಎಂದು ಬರೆದು ಸಹಿ ಹಾಕುವ ಪರೀಕ್ಷಾ ಪಟ್ಟಿ ಅದು. ಈ ಪದ್ಧತಿಗೆ ರೂಪ ಕೊಟ್ಟವರು ಬರ್ಲಿನ್ನಿನ ಪ್ರಾಧ್ಯಾಪಕ ಗಿಯೋರ್ಗ್ ಶ್ಲೇಸಿಂಗರ್. 1927ರಲ್ಲಿ ಅವರ ಪರೀಕ್ಷಾ ನಿಯಮಗಳು ಪ್ರಕಟವಾದವು. ಯಹೂದಿಯಾಗಿದ್ದ ಅವರನ್ನು ನಾಜಿ ಆಡಳಿತ ಹುದ್ದೆಯಿಂದ ಹೊರಹಾಕಿತು. ಕೊನೆಗಾಲದಲ್ಲಿ ಅವರು ಇಂಗ್ಲೆಂಡಿನಲ್ಲಿ ದುಡಿದರು. ದೇಶ ಅವರನ್ನು ಓಡಿಸಿದರೂ ಅವರ ನಿಯಮಗಳು ಎಲ್ಲ ದೇಶಗಳ ಕಾರ್ಖಾನೆಗಳನ್ನೂ ಹೊಕ್ಕವು. ಸ್ಪಿಂಡಲಿನ ಓಟದಲ್ಲಿ 0.01 ಮಿ.ಮೀ.ಗಿಂತ ಹೆಚ್ಚು ತಪ್ಪಿಲ್ಲ ಎಂದು ಬರೆದ ಆ ಹಾಳೆ ಇದ್ದರೆ, ಐವತ್ತು ವರ್ಷದ ಮೇಲೆ ಯಂತ್ರವನ್ನು ಮತ್ತೆ ಕೆತ್ತಿ ನೇರ ಮಾಡುವ ಕೆಲಸಗಾರನಿಗೆ ತಾನು ಎಲ್ಲಿಗೆ ತಲುಪಬೇಕೆಂದು ಗೊತ್ತಾಗುತ್ತದೆ. ನಮ್ಮ ಇಗರ್ಜಿಗಳ ಜ್ಞಾನಸ್ನಾನದ ಪುಸ್ತಕದಲ್ಲಿ ಹೆಸರಿನ ಪಕ್ಕದ ಅಂಚಿನಲ್ಲಿ ಮದುವೆಯ ವಿವರವನ್ನೂ ಸೇರಿಸುತ್ತೇವಲ್ಲ, ಯಂತ್ರದ ಕ್ರಮಸಂಖ್ಯೆಯ ರಿಜಿಸ್ಟರ್ ಹೆಚ್ಚುಕಡಿಮೆ ಅಂಥದ್ದೇ.

ಹರಿಹರದ ಕಥೆ ಇನ್ನೂ ಬೇಸರದ್ದು. ತುಂಗಭದ್ರೆಯ ದಡದ ಆ ಊರಿನಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಂಪೆನಿಯ ಲೇತುಗಳು ದೇಶದ ಎಷ್ಟೋ ಪಾಲಿಟೆಕ್ನಿಕ್, ಐಟಿಐಗಳಿಗೆ ಹೋದವು. ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಎಂಬ ಹೆಸರುಗಳು ಕರಾವಳಿಯ ಐಟಿಐ ಬೋಧಕರಿಗೆ ಚಿರಪರಿಚಿತ. ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಅದು ಬಾಗಿಲು ಹಾಕಿತು. ಕಂಪೆನಿ ಮುಚ್ಚುವಾಗ ಕಾನೂನಿನ ಕಣ್ಣಿರುವುದು ಸಾಲಗಾರರ ಮೇಲೆ, ಕಾರ್ಮಿಕರ ಬಾಕಿಯ ಮೇಲೆ. ಅದು ಇರಬೇಕಾದದ್ದೇ, ನಾವು ಆಕ್ಷೇಪಿಸುವುದಿಲ್ಲ. ಆದರೆ ದಾಖಲೆಗಳ ವಿಷಯದಲ್ಲಿ 2013ರ ಕಂಪೆನಿ ಕಾಯಿದೆಯ 347ನೇ ಕಲಂ ಹೇಳುವುದೇನು ನೋಡಿ. ಸಮಾಪನ ಪೂರ್ತಿಯಾದ ಕಂಪೆನಿಯ ಪುಸ್ತಕ, ಕಾಗದಗಳನ್ನು ನ್ಯಾಯಮಂಡಳಿ ಹೇಳಿದಂತೆ ವಿಲೇವಾರಿ ಮಾಡಬಹುದು. ವಿಸರ್ಜನೆಯಾಗಿ ಐದು ವರ್ಷ ಕಳೆದರೆ ಅವು ಸಿಗುವುದಿಲ್ಲವೆಂಬ ಕಾರಣಕ್ಕೆ ಯಾರ ಮೇಲೂ ಹೊಣೆ ಇಲ್ಲ. ಲೆಕ್ಕದ ಪುಸ್ತಕಕ್ಕೆ ಐದು ವರ್ಷ ಸಾಕಾದೀತು. ಐವತ್ತು ವರ್ಷ ಬಾಳುವ ಯಂತ್ರದ ನಕ್ಷೆಗೂ ಅದೇ ಅಳತೆಯೇ? ಖಾಸಗಿ ಕಂಪೆನಿಯೊಂದು ಮುಚ್ಚುವಾಗ ಅದರ ತಾಂತ್ರಿಕ ನಕ್ಷೆಗಳನ್ನು ಯಾವುದಾದರೂ ಸಾರ್ವಜನಿಕ ಸಂಸ್ಥೆಗೆ ಒಪ್ಪಿಸಲು ನ್ಯಾಯಮಂಡಳಿ ಆದೇಶಿಸಬಹುದು, ಕಲಂನಲ್ಲೇ ಅದಕ್ಕೆ ಜಾಗವಿದೆ. ಕೇಳುವವರು ಬೇಕು.

ಎಚ್‌ಎಂಟಿಯ ಮಾತು ಬೇರೆ, ಅದು ಸರ್ಕಾರದ್ದು. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಕೇಂದ್ರ ಸರ್ಕಾರದ ಇಲಾಖೆಗಳ ಜೊತೆಗೆ ಕೇಂದ್ರದ ಹಿಡಿತದಲ್ಲಿರುವ ನಿಗಮಗಳನ್ನೂ ಹೆಸರಿಸುತ್ತದೆ, ದಾಖಲೆ ಅಧಿಕಾರಿ ಇರಬೇಕೆನ್ನುತ್ತದೆ, ನಿಯಮಬದ್ಧವಲ್ಲದೆ ಯಾವ ಸಾರ್ವಜನಿಕ ದಾಖಲೆಯನ್ನೂ ನಾಶ ಮಾಡಕೂಡದು ಎನ್ನುತ್ತದೆ. ಜಾಲಹಳ್ಳಿಯ ಜಮೀನು ನಾಳೆ ಅರಣ್ಯ ಇಲಾಖೆಗೆ ಹೋಗಲಿ, ಕಾರ್ಖಾನೆಯಲ್ಲೇ ಉಳಿಯಲಿ, ನಕ್ಷೆಗಳ ಕೊಠಡಿಯ ಬೀಗದ ಕೈ ಯಾರಲ್ಲಿರಬೇಕೆಂದು ಮೊದಲೇ ತೀರ್ಮಾನವಾಗಬೇಕು. ಹಕ್ಕುಸ್ವಾಮ್ಯದ ಭಯವನ್ನೂ ಕೆಲವರು ಮುಂದಿಡುತ್ತಾರೆ. 1957ರ ಕಾಯಿದೆಯ ಪ್ರಕಾರ ಸಾರ್ವಜನಿಕ ಉದ್ದಿಮೆಯೊಂದು ಪ್ರಕಟಿಸಿದ ಕೃತಿಯ ಮೇಲಿನ ಹಕ್ಕು ಇರುವುದು 60 ವರ್ಷ. ಉದ್ದಿಮೆಯೇ ಹಕ್ಕುದಾರನಾಗಿ 1960ರಲ್ಲಿ ಪ್ರಕಟಿಸಿದ ಕೈಪಿಡಿಯ ಹಕ್ಕು 2020ರ ಕೊನೆಗೇ ಮುಗಿದಿದೆ; ಅದನ್ನು ಪ್ರತಿ ಮಾಡಿ ಹಂಚಲು ಯಾರ ಅಪ್ಪಣೆಯೂ ಬೇಡ.

2019ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹೆರಿಟೇಜ್ ಸೆಂಟರ್ ತೆರೆದಾಗ ನಮಗೆ ಸಂತೋಷವಾಯಿತು. ಮಕ್ಕಳನ್ನು ಕರೆದುಕೊಂಡು ಹೋಗಲು ಒಳ್ಳೆಯ ಜಾಗ. ಆದರೆ ವಸ್ತುಸಂಗ್ರಹಾಲಯ ಬೇರೆ, ದಾಖಲೆಗಳ ಭಂಡಾರ ಬೇರೆ. ಗಾಜಿನ ಹಿಂದಿನ ಗಡಿಯಾರ ನೋಡುವುದಕ್ಕೆ. ನಕ್ಷೆ ಇರುವುದು ಕೇಳಿದವನಿಗೆ ಪ್ರತಿ ಕೊಡುವುದಕ್ಕೆ. ಅಮೆರಿಕದ ವರ್ಮಾಂಟ್ ರಾಜ್ಯದ ವಿಂಡ್ಸರ್ ಊರಿನಲ್ಲಿ 1846ರ ಒಂದು ಬಂದೂಕು ಕಾರ್ಖಾನೆಯ ಕಟ್ಟಡದಲ್ಲಿ ಯಂತ್ರೋಪಕರಣಗಳಿಗಾಗಿಯೇ ಒಂದು ಸಂಗ್ರಹಾಲಯ 1966ರಲ್ಲಿ ಆರಂಭವಾಯಿತು. ಅದೇ ದೇಶದ ಸೌತ್ ಬೆಂಡ್ ಲೇತಿನ ಬೆಡ್ಡಿನ ತುದಿಯಲ್ಲಿ ಅಚ್ಚೊತ್ತಿದ ಸಂಖ್ಯೆಯನ್ನು ನೋಡಿ ಅದು ಹುಟ್ಟಿದ ವರ್ಷವನ್ನು ಹೇಳುವಷ್ಟು ಪಟ್ಟಿಗಳನ್ನು ಹವ್ಯಾಸಿಗಳು ಕೂಡಿಹಾಕಿದ್ದಾರೆ. ನಮ್ಮ ದೇಶದಲ್ಲೂ ಮಾದರಿ ಇಲ್ಲದಿಲ್ಲ: ಪುಣೆಯಲ್ಲಿ ಟಾಟಾದವರ ದಾಖಲೆ ಭಂಡಾರ, ಮುಂಬಯಿಯಲ್ಲಿ 2006ರಿಂದ ಗೋದ್ರೆಜ್ ಕಂಪೆನಿಯದ್ದು. ಎರಡೂ ಖಾಸಗಿಯವರದ್ದು ಎಂಬುದನ್ನು ಗಮನಿಸಬೇಕು.

ಹಾಗೆ ನೋಡಿದರೆ ಮಂಗಳೂರಿನವರಾದ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಜೆಪ್ಪುವಿನಲ್ಲಿ 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಆರಂಭಿಸಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಶನ್ನಿನ ಉದ್ದಿಮೆಗಳನ್ನು ಶತ್ರುಗಳ ಆಸ್ತಿಯೆಂದು ವಶಪಡಿಸಿಕೊಂಡಿತು, ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಇಷ್ಟೆಲ್ಲ ಆದರೂ ಆ ಉದ್ದಿಮೆಗಳ ಬಗ್ಗೆ ಇಂದು ಇತಿಹಾಸಕಾರರಿಗೆ ಬರೆಯಲು ಸಾಧ್ಯವಾಗಿರುವುದು, ಇಲ್ಲಿಂದ ಹೋದ ಪತ್ರ, ವರದಿ, ಫೋಟೊಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಪಾನ ಮಾಡಿದ್ದರಿಂದ; ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲೂ ಒಂದು ಪಾಲು ಉಳಿದಿದೆ. ಹಂಚು ಒತ್ತುವ ಪ್ರೆಸ್ಸುಗಳು ಮಾತ್ರ ನೇತ್ರಾವತಿಯ ದಡದ ಕಾರ್ಖಾನೆಗಳು ಮುಚ್ಚಿದ ಹಾಗೆ ಗುಜರಿ ಸೇರುತ್ತ ಬಂದಿವೆ. ಕಾಗದ ಉಳಿದು ಯಂತ್ರ ಹೋದದ್ದು ಇಲ್ಲಿ, ಯಂತ್ರ ಉಳಿದು ಕಾಗದ ಹೋಗುತ್ತಿರುವುದು ಪೀಣ್ಯದಲ್ಲಿ.

ಈಗ ಎಲ್ಲ ಸಿಎನ್‌ಸಿ ಕಾಲ, ಹಳೆಯ ಲೇತ್ ಕಟ್ಟಿಕೊಂಡು ಏನು ಮಾಡುವುದು ಎನ್ನುವವರಿದ್ದಾರೆ. ಸಾವಿರ ತುಂಡು ಒಂದೇ ಥರ ಬೇಕಾದವರಿಗೆ ಆ ಮಾತು ಸರಿ. ಒಂದೇ ಒಂದು ಶಾಫ್ಟ್ ರಿಪೇರಿಯಾಗಬೇಕಾದ ಮೀನುಗಾರಿಕಾ ದೋಣಿಯವನಿಗೆ, ಅಕ್ಕಿಗಿರಣಿಯವನಿಗೆ ಇಂದಿಗೂ ಬೇಕಾದದ್ದು ಪಕ್ಕದ ಬೀದಿಯ ಲೇತ್. ಸಾಲ ಮಾಡಿ ಹೊಸ ಯಂತ್ರ ಕೊಂಡು ಕಂತು ಕಟ್ಟಲಾರದೆ ಶೆಡ್ ಮುಚ್ಚುವುದಕ್ಕಿಂತ, ಇರುವುದನ್ನು ನಡೆಸಿಕೊಂಡು ಹೋಗುವುದು ಬಡವನ ಬುದ್ಧಿವಂತಿಕೆ.

ತುಮಕೂರು ರಸ್ತೆಯಲ್ಲಿ 1962ರಿಂದ ಕೇಂದ್ರದ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಸಿಎಂಟಿಐ ಇದೆ. ಅದೇ ರಸ್ತೆಯ ಮಾದಾವರದ ಪ್ರದರ್ಶನ ಕೇಂದ್ರವನ್ನು ಯಂತ್ರ ತಯಾರಕರ ಸಂಘವೇ ಕಟ್ಟಿದೆ. ಚಿಕ್ಕಬಾಣಾವರಕ್ಕೆ ಎರಡೂ ದೂರವಲ್ಲ. ಇವುಗಳಲ್ಲಿ ಯಾವುದಾದರೂ ಒಂದು ಕಡೆ ಒಂದು ಮೇಜು, ಒಂದು ದೊಡ್ಡ ಸ್ಕ್ಯಾನರ್, ರಸೀದಿ ಕೊಡುವ ಒಬ್ಬ ಮನುಷ್ಯ ಇದ್ದರೆ ಅರ್ಧ ಕೆಲಸ ಆದಂತೆ. ನಿವೃತ್ತರ ಅಟ್ಟಗಳಲ್ಲಿ ಇಂಥ ಕಾಗದ ಇನ್ನೂ ಇರುತ್ತದೆ. ಯಂತ್ರದ ಜೊತೆ ಬಂದ ಕೈಪಿಡಿ ಕೊಂಡವನದ್ದು, ಅದನ್ನು ಕೊಡಲು ಅಡ್ಡಿಯಿಲ್ಲ. ಕಾರ್ಖಾನೆಯ ನಕ್ಷೆ ಕಂಪೆನಿಯ ಸ್ವತ್ತು. ಅದನ್ನು ಮಾರುವುದು ಸರಿಯಲ್ಲ, ಹಿಂದಿರುಗಿಸುವುದೇ ನ್ಯಾಯ. ಹಿಂದಿರುಗಿಸಿದರೆ ಎಲ್ಲಿಂದ ಬಂತೆಂದು ಯಾರಾದರೂ ಗದರಿಸುತ್ತಾರೆಂಬ ಹೆದರಿಕೆಯಿಂದಲೇ ಎಷ್ಟೋ ಸುರುಳಿಗಳು ಒಲೆ ಸೇರುತ್ತವೆ, ಆ ಮೇಜಿನವರು ಪ್ರಶ್ನೆ ಕೇಳದೆ ತೆಗೆದುಕೊಳ್ಳಬೇಕು.

ಧರ್ಮಕೇಂದ್ರಗಳಲ್ಲಿ ಹಿರಿಯ ನಾಗರಿಕರ ಸಂಘ ನಡೆಸುವವರು, ಐಟಿಐಗಳ ಬೋಧಕರು ಈ ಮಾತನ್ನು ನಿವೃತ್ತ ಕೆಲಸಗಾರರ ಕಿವಿಗೆ ಹಾಕಬಹುದು. ಅಲ್ಲಿಯವರೆಗೆ ಕಾಗದ ಹಾಳಾಗದಂತೆ ನೋಡಿಕೊಳ್ಳಬೇಕು. ಅಮೋನಿಯಾ ಪ್ರಿಂಟ್ ಬೆಳಕಿಗೆ ಬಿದ್ದರೆ ಮಾಸುತ್ತದೆ. ಕತ್ತಲಲ್ಲಿ, ಚಪ್ಪಟೆಯಾಗಿ ಇಡಿ, ನಮ್ಮ ಕಡೆಯ ಮಳೆಗಾಲದಲ್ಲಿ ನೆಲದಿಂದ ಎತ್ತರದಲ್ಲಿಡಿ. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಬೇಡವೇ ಬೇಡ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಅಡಿಪಟ್ಟಿ ಇಡಿ. ಯಂತ್ರವೇ ಕಣ್ಣಮುಂದಿದ್ದರೆ ಅದರ ನೇಮ್ ಪ್ಲೇಟ್, ಬೆಡ್ಡಿನ ಮೇಲಿನ ಸಂಖ್ಯೆ, ಗೇರ್ ಬಾಕ್ಸಿನ ಮೇಲಿನ ಚೂಡಿ ಪಟ್ಟಿಯ ಫೋಟೊವನ್ನೂ ಜೊತೆಗೆ ತೆಗೆಯಿರಿ. ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತದೆ. ನಕ್ಷೆಯ ಸಂಖ್ಯೆ, ಲೋಹ, ತಿದ್ದುಪಡಿಯ ಅಕ್ಷರ, ದಿನಾಂಕ ಇರುವುದು ಅಲ್ಲೇ. ಅದು ಮಸುಕಾಗಿ ಬಂದಿದ್ದರೆ ಆ ಮೂಲೆಯನ್ನಷ್ಟೇ ಹತ್ತಿರದಿಂದ ಇನ್ನೊಮ್ಮೆ ತೆಗೆಯಿರಿ.