ಧ್ವನಿಯ ಕರಾರು

ನಮ್ಮ ಗಬ್ಬೂರಿನ ತರುಣನೊಬ್ಬನಿಗೆ ಜಾಹೀರಾತುಗಳಿಗೆ ಧ್ವನಿ ನೀಡುವುದೇ ಕಾಯಕ. ಮೊನ್ನೆ ಕರಾರುಪತ್ರವೊಂದನ್ನು ಹಿಡಿದು ಬಂದ. ಒಮ್ಮೆ ಓದಿ ಧ್ವನಿ ಮುದ್ರಿಸಿಕೊಟ್ಟರೆ ಸಾಕು, ಕೃತಕ ಬುದ್ಧಿಮತ್ತೆಯ ಯಂತ್ರವು ಅದನ್ನು ಕಲಿತು, ಅವನು ಆಡದ ಮಾತುಗಳನ್ನೂ ಅವನ ಕಂಠದಲ್ಲಿಯೇ ಆಡುವುದಂತೆ! ಸಂಭಾವನೆ ಒಮ್ಮೆ ಮಾತ್ರ, ಬಳಕೆ ಎಂದೆಂದಿಗೂ.

ಈ ವಿದ್ಯೆಯನ್ನೇ ಹಳಿಯಲಾಗದು. ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ ಅಗಲಿದಾಗ ‘ಜೇಮ್ಸ್’ ಚಿತ್ರದ ಡಬ್ಬಿಂಗ್ ಮುಗಿದಿರಲಿಲ್ಲ. 2022ರ ಮಾರ್ಚ್‌ನಲ್ಲಿ ಅದು ಅಣ್ಣ ಶಿವರಾಜ್‌ಕುಮಾರ್ ಅವರ ಧ್ವನಿಯೊಡನೆ ತೆರೆಕಂಡಿತು. ಮರುತಿಂಗಳು ತಂತ್ರಜ್ಞರು ಪುನೀತರ ಧ್ವನಿಯನ್ನೇ ಮರುಸೃಷ್ಟಿಸಿ ಕೇಳಿಸಿದರು. 2024ರಲ್ಲಿ ಎ. ಆರ್. ರೆಹಮಾನ್ ಅವರು ತಮಿಳಿನ ‘ಲಾಲ್ ಸಲಾಮ್’ ಚಿತ್ರದ ಹಾಡೊಂದಕ್ಕೆ ದಿವಂಗತ ಗಾಯಕರಿಬ್ಬರ ಧ್ವನಿ ಬಳಸಿದಾಗ, ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆ ಸಲ್ಲಿಸಿದುದಾಗಿ ಬಹಿರಂಗವಾಗಿ ತಿಳಿಸಿದರು. ಅದೇ ವರ್ಷ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಒಪ್ಪಿಗೆಯಿಲ್ಲದೆ ನಕಲಿಸುವುದಕ್ಕೆ ಮುಂಬಯಿ ಉಚ್ಚ ನ್ಯಾಯಾಲಯವು ತಡೆಯೊಡ್ಡಿತು. ಕೀರ್ತಿವಂತರಿಗೆ ನ್ಯಾಯಾಲಯದ ಬಾಗಿಲು ಹತ್ತಿರ. ನಮ್ಮ ಹುಡುಗನಿಗೆ ಆ ಕರಾರುಪತ್ರವೊಂದೇ ಆಸರೆ.

“ಯಾವ ಕೆಲಸಕ್ಕೆ, ಎಷ್ಟು ಕಾಲ, ಪ್ರತಿ ಬಳಕೆಗೆ ಎಷ್ಟು ಎಂಬುದನ್ನು ಬರೆಯಿಸಿಕೊ. ಯಂತ್ರದ ಧ್ವನಿಯೆಂದು ಕೇಳುಗರಿಗೂ ತಿಳಿಸಲಿ” ಎಂದೆ.

“ಹಂಗ ಕೇಳಿದ್ರ ಕೆಲಸಾನ ತಪ್ಪತೈತಲ್ರೀ ಕಾಕಾ?”

ತಪ್ಪಬಹುದು. ಸಹಿ ಮಾಡಿದರೆ ಮುಂದಿನ ಕೆಲಸಗಳೆಲ್ಲವೂ ಅವನದೇ ನಕಲಿಗೆ ಹೋದಾವು. ನಾಲ್ಕು ಸಾಲು ತಿದ್ದಿ ಪತ್ರವನ್ನು ಹಿಂದಕ್ಕೆ ಕಳಿಸಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.